ನಮ್ಮ ಅ.ಪಾ.ಕ.

ಕಾಕಾ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಟಾದ ಕೋಣೆಯಲ್ಲಿದ್ದೆ. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವುದು ನನ್ನ ಕೆಲಸ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಕಾಟಾದ ಮೇಲೆ ನಿಂತಿತ್ತು. ತೂಕ ಹೆಚ್ಚು ಬರಲಿ ಎಂದು ಡ್ರೈವರ್ ಇಳಿಯದೆ ಕುಳಿತಿದ್ದ, ನಾನು ಕಿಟಕಿಯಿಂದ ಅವನನ್ನು ಬೈಯುತ್ತಿದ್ದೆ. ಅಷ್ಟರಲ್ಲಿ ತಂಗಿ ಶೈಲಾಳ ಫೋನು.

"ಅಕ್ಕಾ, ಕಾಕಾ ಹೋದ" ಅಂದಳು.

ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರು ಹೇಳಿದ್ರು?"

"ಯಾರು ಹೇಳೂದೇನ? ನನ್ನ ಕಣ್ಣ ಮುಂದನ ಹೋದ."

"ಡಾಕ್ಟರ್ ಬಂದ ನೋಡಿದ್ರೇನು?"

ಶೈಲಾ ದಣಿದ ದನಿಯಲ್ಲಿ, "ಸತ್ತಾಂವನ ಮ್ಯಾಲೂ ಸಂಶೆ ಏನವಾ ನಿಂದು?" ಎಂದು ಫೋನು ಇಟ್ಟಳು.

ಕಾಟಾದ ಕೆಲಸದಿಂದ ನನಗೆ ಈ ಗುಣ ಬಂತು ಎಂದು ಮನೆಯಲ್ಲಿ ನಗುತ್ತಾರೆ. ಹಾಗಲ್ಲ. ಈ ಗುಣ ಇದ್ದದ್ದರಿಂದಲೇ ಕಾಟಾದ ಕೆಲಸದಲ್ಲಿ ನಾನು ಇಷ್ಟು ವರ್ಷ ತಳವೂರಿದ್ದೇನೆ. ಗುಣ ಕಲಿಸಿದವನು ಕಾಕಾ. ಅದನ್ನೂ ಅವನು ಬೇಕೆಂದು ಕಲಿಸಲಿಲ್ಲ, ಪಾಪ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ನನಗೆ ಹತ್ತು, ಶೈಲಾಗೆ ಆರು ವರ್ಷವಿದ್ದಾಗ ಅಪ್ಪ ಅವ್ವ ಇಬ್ಬರೂ ಬೀಳಗಿಯ ಕಡೆ ಒಂದು ಮದುವೆಗೆ ಹೊರಟರು. ನನಗೆ ಜ್ವರವಿತ್ತೆಂದು ನಮ್ಮಿಬ್ಬರನ್ನೂ ರಬಕವಿಯಲ್ಲಿ ಕಾಕಾನ ಮನೆಯಲ್ಲಿ ಬಿಟ್ಟು ಹೋಗಿದ್ದರು. ಅವರು ಕುಳಿತಿದ್ದ ಜೀಪು ಲಾರಿಗೆ ಬಡಿಯಿತು. ಇಬ್ಬರೂ ಬದುಕಲಿಲ್ಲ. ನಮ್ಮನ್ನು ಬಿಟ್ಟು ಹೋದ ಮನೆಯಲ್ಲೇ ನಾವು ಉಳಿದೆವು. ಕಾಕಾನಿಗೂ ಅವನ ಹೆಂಡತಿ, ನಮ್ಮ ಚಿಗವ್ವನಿಗೂ ಮಕ್ಕಳಿರಲಿಲ್ಲ. "ದೇವರು ಒಂದ ಕೈಲೆ ಕಸಗೊಂಡ, ಒಂದ ಕೈಲೆ ಕೊಟ್ಟ" ಎಂದು ಚಿಗವ್ವ ಬಂದವರ ಮುಂದೆಲ್ಲ ಅಳುತ್ತಿದ್ದಳು. ಅವಳ ಅಳುವಿನ ಮೇಲೆ ನನಗೆ ಎಂದೂ ಅನುಮಾನ ಬಂದಿಲ್ಲ.

ಎರಡು ವರ್ಷದ ಮೇಲೆ ಜಮಖಂಡಿಯ ಕೋರ್ಟಿನಲ್ಲಿ ಪರಿಹಾರದ ಹುಕುಮಾಯಿತು. ಹಣವನ್ನು ಎರಡು ಪಾಲು ಮಾಡಿ, ನನ್ನ ಹೆಸರಿನಲ್ಲೊಂದು ಶೈಲಾ ಹೆಸರಿನಲ್ಲೊಂದು ಠೇವಣಿ ಇಡಬೇಕು. ನಮಗೆ ಹದಿನೆಂಟು ತುಂಬುವ ತನಕ ಯಾರೂ ಮುಟ್ಟಬಾರದು. ಬಡ್ಡಿಯನ್ನಷ್ಟೇ ಕಾಕಾ ನಮ್ಮ ಸಾಕಣೆಗೆ ತೆಗೆದುಕೊಳ್ಳಬಹುದು. ಆಸ್ಪತ್ರೆ, ಓದು ಎಂದು ತೀರಾ ಅವಶ್ಯ ಬಿದ್ದರೆ ಕೋರ್ಟಿಗೆ ಅರ್ಜಿ ಹಾಕಿ, ಅಪ್ಪಣೆ ಪಡೆದು ಅಸಲನ್ನೂ ಬಿಡಿಸಿಕೊಳ್ಳಬಹುದು. ನಮ್ಮ ಕಡೆಯ ಕಾಗದಪತ್ರಗಳಲ್ಲಿ ಹದಿನೆಂಟು ತುಂಬದ ಮಕ್ಕಳನ್ನು 'ಅಜ್ಞಾನ' ಎಂದು ಬರೆಯುವ ಹಳೆಯ ರೂಢಿ ಇದೆ. ಅವರನ್ನು ನೋಡಿಕೊಳ್ಳುವವನು ಅಜ್ಞಾನ ಪಾಲನಕರ್ತ, ಮೊಟಕಾಗಿ ಅ.ಪಾ.ಕ.

ಕಾಕಾನಿಗೆ ಈ ಮೂರಕ್ಷರದ ಮೇಲೆ ವಿಪರೀತ ಮೋಹ. ಅಲ್ಲಿಯ ತನಕ ಅವನಿಗೆ ಯಾವ ಹುದ್ದೆಯೂ ಇರಲಿಲ್ಲ, ಬೇರೆಯವರ ಪಾವರಲೂಮಿನಲ್ಲಿ ಕೂಲಿ ನೇಯುತ್ತಿದ್ದ. ಸಾಲೆಯ ಪ್ರಗತಿಪತ್ರದಲ್ಲಿ ಸಹಿ ಹಾಕುವಾಗ ಕೆಳಗೆ ದೊಡ್ಡದಾಗಿ ಅ.ಪಾ.ಕ. ಎಂದು ಬರೆಯುತ್ತಿದ್ದ. ಸೂಜಿ ಹಾಕಿಸಲು ದವಾಖಾನೆಗೆ ಕರೆದೊಯ್ದರೆ ನರ್ಸಿಗೂ, "ನಾ ಇವರ ಅಪಾಕ ರೀ" ಎಂದು ಹೇಳುತ್ತಿದ್ದ. ಒಮ್ಮೆ ತೇರದಾಳದ ಬಸ್ಸಿನಲ್ಲಿ ಶೈಲಾಗೆ ಅರ್ಧ ಟಿಕೀಟು ತೆಗೆಸುವ ವಿಷಯಕ್ಕೆ ಕಂಡಕ್ಟರನ ಜೊತೆ ಜಗಳವಾದಾಗಲೂ ಇದೇ ಮಾತು. ಕಂಡಕ್ಟರ್, "ಯಾರ ಪಾಕರ ಇರ್ರಿ, ಫುಲ್ ಟಿಕೀಟ ತಗೀರಿ" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಕಾಕಾನೂ ನಕ್ಕ. ಅವನು ಹಾಗೇ, ಜಗಳದಲ್ಲಿ ಸೋತರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಉದ್ದಕ್ಕೆ ತೆಳ್ಳಗೆ ಇದ್ದ. ಕೂದಲಲ್ಲಿ, ಹುಬ್ಬಿನಲ್ಲಿ ಸದಾ ನೂಲಿನ ಧೂಳು, ಹೀಗಾಗಿ ಮೂವತ್ತಕ್ಕೇ ಮುದುಕನಂತೆ ಕಾಣುತ್ತಿದ್ದ. ಬಟ್ಟೆ ಕಂಡರೆ ಮುಟ್ಟಬೇಕು. ಮದುವೆಮನೆಯಲ್ಲಿ, ಸಂತೆಯಲ್ಲಿ, ಯಾರ ಸೆರಗಾದರೂ ಸರಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿ, "ಇದು ನಮ್ಮ ಬನಹಟ್ಟಿದ ಐತಿ" ಎನ್ನುತ್ತಿದ್ದ. ಹೆಂಗಸರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಮ್ಮ ವಕೀಲರ ಕರಿ ಕೋಟನ್ನೂ ಹೀಗೇ ಉಜ್ಜಿ ನೋಡಿ, "ಸಾಹೇಬ್ರ, ನಿಮ್ಮನ್ನ ಯಾರೋ ಫಸಾಯಿಸ್ಯಾರ" ಅಂದಿದ್ದ.

ಇನ್ನೊಂದು ಅವನ ಕೈಸನ್ನೆ. ಮಗ್ಗ ನಡೆಯುವ ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಒಂದೋ ಚೀರಬೇಕು, ಇಲ್ಲ ಸನ್ನೆ ಮಾಡಬೇಕು. ಕಾಕಾ ಚೀರುವವನಲ್ಲ. ಎರಡು ಬೆರಳು ತಿರುವಿದರೆ ಎಳೆ ಹರಿದಿದೆ ಎಂದು. ಐದೂ ಬೆರಳು ಕೂಡಿಸಿ ಬಾಯಿಗೆ ತಂದರೆ ಊಟಕ್ಕೆ ಬಾ ಎಂದು. ಬಾಯಿ ಬಿಟ್ಟು ಮಾತಾಡುವಾಗ ಮಾತ್ರ ಪ್ರತಿ ಮಾತಿಗೂ, "ಖರೆ ಹೇಳ್ತೇನಿ" ಎಂದು ಸುರುವಾಗುತ್ತಿತ್ತು. ನಾನು ದೊಡ್ಡವಳಾದಂತೆ ಅವನ ಸನ್ನೆಯನ್ನು ನಂಬುತ್ತಿದ್ದೆ, 'ಖರೆ ಹೇಳ್ತೇನಿ' ಎಂದು ಬಾಯಿ ತೆರೆದರೆ ಕಿವಿ ನೆಟ್ಟಗೆ ಮಾಡುತ್ತಿದ್ದೆ.

ಅದಕ್ಕೆ ಕಾರಣವಿದೆ. ಠೇವಣಿ ಇಟ್ಟು ವರ್ಷ ತುಂಬಿರಲಿಲ್ಲ. ಒಂದು ಬೆಳಗ್ಗೆ ಕಾಕಾ ಹಿಂದಿನ ಓಣಿಯ ಅಜ್ಜನೊಬ್ಬನ ಹತ್ತಿರದಿಂದ ಕನ್ನಡಕ ಕೇಳಿ ತಂದು ನನ್ನ ಮೂಗಿನ ಮೇಲೆ ಇಟ್ಟ. ಸೀಸೆಯ ತಳದಷ್ಟು ದಪ್ಪ ಗಾಜು.

"ಇವತ್ತ ಒಂದ ದಿನ ಹಾಕ್ಕೋ. ಸಾಹೇಬ್ರು ಕೇಳಿದ್ರ, ಕಣ್ಣ ಮಬ್ಬ ಕಾಣ್ತಾವ್ರಿ, ಆಪರೇಶನ್ ಮಾಡಸಬೇಕ್ರಿ ಅನ್ನು. ಎಲ್ಲೆ, ಒಮ್ಮಿ ಅಂದ ತೋರಸು."

"ನನ್ನ ಕಣ್ಣ ಛಲೋ ಅದಾವಲ್ಲ ಕಾಕಾ."

"ಛಲೋ ಅದಾವ ಖರೆ. ಹಂಗಂತ ಕೋರ್ಟಿನ್ಯಾಗ ಹೇಳಾಕ ಬರೂದಿಲ್ಲ" ಅಂದ, ಬಹಳ ಸಮಾಧಾನದಿಂದ.

ಜಮಖಂಡಿಯ ಕೋರ್ಟಿನ ಮೆಟ್ಟಿಲು ಹತ್ತುವಾಗ ಆ ಕನ್ನಡಕದಲ್ಲಿ ನನಗೆ ನಿಜವಾಗಿಯೂ ಏನೂ ಕಾಣಲಿಲ್ಲ. ಒಂದು ಮೆಟ್ಟಿಲು ತಪ್ಪಿ ಎಡವಿದೆ. ಒಳಗೆ ಕಟಕಟೆಗೂ ಹಣೆ ಬಡಿಯಿತು. ನ್ಯಾಯಾಧೀಶರು ಮುದಿ ವಯಸ್ಸಿನ ಸಾತ್ವಿಕರು, "ನಿಧಾನ ಮಗು, ನಿಧಾನ" ಅಂದರು. ಕಾಕಾ ಬದಿಯಲ್ಲಿ ನಿಂತು ಕಣ್ಣ ಕೆಳಗೆ ಬೆರಳು ಬಡಿದು ಸನ್ನೆ ಮಾಡಿದ. ನಾನು ಬಾಯಿಪಾಠ ಒಪ್ಪಿಸಿದೆ. ಯಾರೋ ಡಾಕ್ಟರ ಚೀಟಿಯೂ ಇತ್ತು, ಎಲ್ಲಿಂದ ತಂದಿದ್ದನೋ. ಅರ್ಜಿ ಮಂಜೂರಾಯಿತು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಚುರಮುರಿ, ಮಿರ್ಚಿ ಭಜಿ ಕೊಡಿಸಿದ. ಅಜ್ಜನ ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಜೇಬಿಗಿಟ್ಟುಕೊಂಡ. ನಾನು ಖಾರಕ್ಕೆ ಅತ್ತೆನೋ ನಾಚಿಕೆಗೆ ಅತ್ತೆನೋ, ಹದಿಮೂರರ ವಯಸ್ಸಿನಲ್ಲಿ ಅದು ಗೊತ್ತಾಗುವುದಿಲ್ಲ.

ತಿಂಗಳೊಪ್ಪತ್ತಿನಲ್ಲಿ ಇಚಲಕರಂಜಿಯಿಂದ ಎರಡು ಹಳೆಯ ಪಾವರಲೂಮು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತವು. ಕುಂಕುಮ ಹಚ್ಚಲು ನನ್ನನ್ನೇ ಕರೆದ. "ಇದು ನಿಂದು, ಇದೂ ನಿಂದು. ನಾ ಬರೇ ಓಡಸಾಂವ" ಅಂದ. ಅವತ್ತಿನಿಂದ ನನ್ನ ಮನಸ್ಸು ಕೆಟ್ಟಿತು. ಪಂಚಮಿಗೆ ಹೊಸ ಲಂಗ ತಂದರೆ ಯಾರ ರೊಕ್ಕದ್ದು ಎಂದು ನೋಡುತ್ತಿದ್ದೆ. ಶೇಂಗಾದ ಉಂಡಿ ಎರಡು ಹೆಚ್ಚು ಕೊಟ್ಟರೆ ಈಗ ಏನು ಹೇಳಿಸುತ್ತಾನೋ ಎಂದು ಬಾಯಿಗಿಡುತ್ತಿರಲಿಲ್ಲ. ಅವನು ನಮ್ಮನ್ನು ಒಂದು ದಿನವೂ ಹೊಡೆಯಲಿಲ್ಲ. ಹಾಲಿನ ಕೆನೆ ನಮಗೇ. ಜ್ವರ ಬಂದರೆ ಮಗ್ಗ ನಿಲ್ಲಿಸಿ ಹಣೆಯ ಮೇಲೆ ಬಟ್ಟೆ ಹಾಕುತ್ತಾ ಕೂರುತ್ತಿದ್ದ. ಕಳ್ಳನಾಗಿ ಒಂದು ಏಟಾದರೂ ಹಾಕಿದ್ದರೆ ದ್ವೇಷಿಸಲು ಎಷ್ಟು ಸುಲಭವಿತ್ತು. ಶೈಲಾ ಮಾತ್ರ ಅವನ ಬೆನ್ನಿಗೇ ಜೋತುಬಿದ್ದು ಬೆಳೆದಳು, ಅವಳಿಗೆ ಅಪ್ಪನ ಮುಖವೇ ನೆನಪಿರಲಿಲ್ಲ.

ಆಮೇಲೆ ನನ್ನ ಹೆಸರಿನಲ್ಲಿ ಇನ್ನೆರಡು ಅರ್ಜಿ ಹೋದವು. ಒಂದು ನಾನು ಕಾಣದ ಕಂಪ್ಯೂಟರ್ ತರಗತಿಗೆ, ಇನ್ನೊಂದು ನಾನು ಸೇರದ ವಸತಿಶಾಲೆಗೆ. ಹದಿನೆಂಟು ತುಂಬಿದ ವಾರವೇ ಬ್ಯಾಂಕಿಗೆ ಹೋಗಿ ಪುಸ್ತಕ ಕೊಟ್ಟೆ. ಒಳಗಿದ್ದವರು ಒಮ್ಮೆ ನನ್ನ ಮುಖ, ಒಮ್ಮೆ ಪುಸ್ತಕ ನೋಡಿ, "ಇದರಾಗ ಏನೂ ಉಳಿದಿಲ್ಲವ್ವ" ಅಂದರು. ನಾನು ಡಿ.ಎಡ್. ಮಾಡಬೇಕೆಂದಿದ್ದೆ. ಫೀಗೆ ಆ ಹಣವನ್ನೇ ನೆಚ್ಚಿದ್ದೆ.

ರಬಕವಿಗೆ ಬಂದಾಗ ಕಾಕಾ ಲಾಳಿಯ ಮೊನೆ ಸರಿಮಾಡುತ್ತಿದ್ದ. "ನನ್ನ ರೊಕ್ಕ ಎಲ್ಲೆ ಕಾಕಾ?" ಎಂದು ಕೇಳಿದೆ. ಅವನು ಮಗ್ಗದ ಗುಂಡಿ ಒತ್ತಿದ. ಖಟಾಖಟ್ ಸುರುವಾಯಿತು. ನಾನು ಮತ್ತೆ ಕೇಳಿದೆ. ಎರಡನೆಯ ಮಗ್ಗವನ್ನೂ ಹಚ್ಚಿದ. ನಾನು ಗಂಟಲು ಹರಿಯುವಂತೆ ಚೀರಿದೆ, ಏನೇನೋ ಅಂದೆ, ಕಳ್ಳ ಎಂದೂ ಅಂದೆ. ಅವನು ತಲೆ ಎತ್ತಿ ನೋಡಿ, ಐದು ಬೆರಳು ಕೂಡಿಸಿ ಬಾಯಿಗೆ ತಂದು, ಒಳಗೆ ಹೋಗಿ ಊಟ ಮಾಡು ಎಂದು ಸನ್ನೆ ಮಾಡಿದ. ಹೋಗಿ ಉಂಡೆ. ಹಸಿವಾಗಿತ್ತು. ಉಣ್ಣುತ್ತಿರುವ ರೊಟ್ಟಿ ಆ ಮಗ್ಗದ್ದೇ ಎಂಬುದೂ ಗೊತ್ತಿತ್ತು.

ನನ್ನದು ಹೋಯಿತು. ಶೈಲಾಳ ಪಾಲು ಮಾತ್ರ ಇನ್ನೂ ಹಾಗೇ ಇತ್ತು. ಅದನ್ನು ಅವನ ಕೈಗೆ ಸಿಗಗೊಡಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿ. ಜಮಖಂಡಿಯಲ್ಲಿ ಸರ್ಕಾರಿ ಹಾಸ್ಟೆಲಿಗೆ ಸೇರಿ ಬಿ.ಎ.ಗೆ ಹೋಗುತ್ತಿದ್ದೆ. ಕೋರ್ಟಿನ ಎದುರಿಗೆ ಚಹದ ಅಂಗಡಿ ಇಟ್ಟಿದ್ದ ಹೆಂಗಸಿನ ಪರಿಚಯ ಮಾಡಿಕೊಂಡು, ಕಾಕಾನ ಗುರುತು ಹೇಳಿ, ಕಂಡರೆ ತಿಳಿಸು ಎಂದು ಹೇಳಿಟ್ಟಿದ್ದೆ. ಆಯಿತು, ಒಂದು ವರ್ಷವೂ ಕಾಯಬೇಕಾಗಲಿಲ್ಲ.

"ನಿಮ್ಮ ಕಾಕಾ ಬಂದಾನ ನೋಡವಾ. ಸಣ್ಣಾಕಿನ್ನ ಕರಕೊಂಡ ಬಂದಾನ. ಕಿವಿಗೆ ಇಷ್ಟ ದೊಡ್ಡ ಪಟ್ಟಿ ಕಟ್ಯಾನ" ಎಂದು ಆ ಹೆಂಗಸು ಕಾಲೇಜಿನ ಗೇಟಿನ ತನಕ ಬಂದು ಹೇಳಿದಳು.

ಕಿವಿಗೆ ಪಟ್ಟಿ ಎಂದ ಕೂಡಲೇ ನನ್ನ ಮೂಗಿನ ಮೇಲೆ ಆ ಅಜ್ಜನ ಕನ್ನಡಕದ ಭಾರ ಕುಳಿತಂತಾಯಿತು. ಓಡಿದೆ.

ಕೋರ್ಟಿನ ಜಗಲಿಯ ಮೇಲೆ ಶೈಲಾ ಕುಳಿತಿದ್ದಳು. ಹದಿನಾಲ್ಕರ ಹುಡುಗಿ, ತಲೆಯ ಸುತ್ತ ಅಗಲವಾದ ಬಿಳಿ ಪಟ್ಟಿ, ಎಡಗಿವಿಯ ಮೇಲೆ ಅಂಗೈಯಷ್ಟು ಹತ್ತಿ. ಯುದ್ಧದಿಂದ ಬಂದವರಿಗೂ ಅಷ್ಟು ಕಟ್ಟುವುದಿಲ್ಲ. ಕಾಕಾ ವಕೀಲರ ಹತ್ತಿರ ಹೋಗಿದ್ದ.

"ಏನಾಗೈತಿ ನಿನಗ?" ಅಂದೆ.

ಅವಳು ತಲೆ ತಗ್ಗಿಸಿ, "ಎಡಗಿವಿ ಸೋರತೈತ್ರಿ, ಕೇಳಸೂದಿಲ್ರಿ, ಆಪರೇಶನ್ ಮಾಡಸಬೇಕ್ರಿ" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ನನಗೆ, ಅವಳ ಅಕ್ಕನಿಗೆ, 'ರಿ' ಹಚ್ಚಿ. ನನ್ನ ಮೈ ಉರಿದುಹೋಯಿತು.

ಒಳಗೆ ಈಗ ಬೇರೆ ನ್ಯಾಯಾಧೀಶರು, ಗಂಭೀರ ಮುಖದ ಹೆಂಗಸು. ಅರ್ಜಿ ಕೂಗಿದಾಗ ನಾನೂ ಹಿಂದೆ ಹೋಗಿ ನಿಂತು, "ನಂದೊಂದ ಮಾತ ಐತ್ರಿ ಅವ್ವಾರ" ಅಂದೆ. ಹದಿಮೂರರ ವಯಸ್ಸಿನಲ್ಲಿ ಇದೇ ಕೋರ್ಟಿನಲ್ಲಿ ಸುಳ್ಳು ಹೇಳಿದ್ದೆ, ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಕನ್ನಡಕ ಬೇರೆಯವರದು, ಹಣ ಮಗ್ಗಕ್ಕೆ ಹೋಯಿತು ಎಂದೆಲ್ಲ ಹೇಳಿಬಿಟ್ಟೆ. ಈಗ ತಂಗಿಯ ಸರದಿ, ಇದನ್ನು ಕೊಡಬೇಡಿ ಎಂದೆ. ನ್ಯಾಯಾಧೀಶರು ಕಾಕಾನ ಕಡೆ ತಿರುಗಿ, "ಇವಳು ಹೇಳುವುದು ನಿಜವೇ?" ಎಂದು ಕೇಳಿದರು.

ಅವನು ಸುಳ್ಳು ಹೇಳುತ್ತಾನೆ ಎಂದೇ ನಾನು ಕಾದಿದ್ದೆ. "ಹೌದ್ರಿ, ಕಣ್ಣಿಂದು ಸುಳ್ಳ ಹೇಳಿಸಿದ್ದೆ" ಅಂದ. "ಆದರ ಕಿವಿದು ಖರೆ ಐತ್ರಿ. ಮೀರಜಿಗೆ ಹೋಗಿ ತೋರಿಸ್ಕೊಂಡ ಬಂದೇನ್ರಿ."

ಅವರು ಮೀರಜಿನ ಆಸ್ಪತ್ರೆಯ ಕಾಗದ ತಿರುವಿ ನೋಡಿದರು. "ಇಲ್ಲಿ ಬರೆದಿರುವ ಖರ್ಚು ನೀವು ಕೇಳಿರುವುದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಪೂರ್ತಿ ಠೇವಣಿ ಯಾಕೆ ಬೇಕು?"

ಕಾಕಾನ ಎರಡು ಬೆರಳು ಅಂಗಿಯ ಅಂಚನ್ನು ಉಜ್ಜುತ್ತಲೇ ಇದ್ದವು. ನೂಲಿನ ಸಾಲವಿತ್ತು, ಅದು ಊರಿಗೆಲ್ಲ ಗೊತ್ತಿದ್ದ ಮಾತು. ಅರ್ಜಿ ವಜಾ ಆಯಿತು. ಚಿಕಿತ್ಸೆ ನಿಜವಾಗಿ ಬೇಕಿದ್ದರೆ ಆಸ್ಪತ್ರೆಯ ಹೊಸ ಕಾಗದ ತನ್ನಿ, ಹಣ ನೇರ ಆಸ್ಪತ್ರೆಗೇ ಹೋಗುವಂತೆ ಆದೇಶ ಮಾಡುತ್ತೇನೆ ಎಂದರು ನ್ಯಾಯಾಧೀಶರು. ಕಾಕಾನ ಮೇಲೆ ಪ್ರಕರಣ ಹಾಕುವ ಮಾತೂ ಬಂತು, ವಕೀಲರು ಕೈಮುಗಿದು ತಪ್ಪಿಸಿದರು. ನಾನು ಗೆದ್ದಿದ್ದೆ. ಜೀವಮಾನದಲ್ಲಿ ಅಷ್ಟು ಹಗುರವಾಗಿ ನಾನು ಯಾವ ಮೆಟ್ಟಿಲನ್ನೂ ಇಳಿದಿಲ್ಲ.

ಅವತ್ತು ಶನಿವಾರ, ಹಾಸ್ಟೆಲಿನಿಂದ ಊರಿಗೆ ಹೋಗುವ ದಿನ. ಅದೇ ಬಸ್ಸು, ಅದೇ ಮನೆ. ಹೋಗಲು ನನಗೆ ಬೇರೆ ಮನೆಯಾದರೂ ಎಲ್ಲಿತ್ತು? ಕಾಕಾ ಮೂರು ಟಿಕೀಟು ತೆಗೆಸಿದ. ಶೈಲಾ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗಿದಳು. ಅವನು ನನ್ನ ಬದಿಗೆ ಕುಳಿತ.

"ಛಲೋ ಮಾತಾಡಿದಿ. ವಕೀಲ ಆಗಬೇಕಾಗಿತ್ತ ನೀ" ಅಂದ.

ನಾನು ಕಿಟಕಿಯ ಹೊರಗೆ ನೋಡತೊಡಗಿದೆ.

"ಒಂದ ಕೇಳ್ತೇನಿ. ಅಕಿ ಕಿವಿ ಬಿಚ್ಚಿ ನೋಡೀಯೇನ ನೀ?"

"ಕನ್ನಡಕ ಹಾಕ್ಕೊಂಡ ಎಲ್ಲಾ ನೋಡೇನಿ ಕಾಕಾ. ಇನ್ನ ನೋಡೂದ ಏನೂ ಉಳಿದಿಲ್ಲ."

ಅವನು ನಕ್ಕ. ಆ ನಗು ಇವತ್ತಿಗೂ ನನಗೆ ಬಿಡಿಸಲು ಬಂದಿಲ್ಲ. ಆಮೇಲೆ ರಬಕವಿ ಬರುವ ತನಕ ಮುಂದಿನ ಸೀಟಿನ ಹುಡುಗಿಯ ಪಟ್ಟಿ ಜಾರದಂತೆ ಕೈ ಆನಿಸಿ ಹಿಡಿದುಕೊಂಡಿದ್ದ. ನೋಡು, ಇನ್ನೂ ನಾಟಕ ಮುಗಿಸಿಲ್ಲ ಎಂದು ನಾನು ಮುಖ ತಿರುಗಿಸಿದೆ. ಬಿಚ್ಚಿ ನೋಡಲಿಲ್ಲ. ಆ ವಾರವೂ ನೋಡಲಿಲ್ಲ, ಮುಂದಿನ ವಾರವೂ ನೋಡಲಿಲ್ಲ.

ಕಾಕಾ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ನಾಚಿಕೆಯಿಂದಲೋ, ಹಣ ನೇರ ಆಸ್ಪತ್ರೆಗೆ ಹೋದರೆ ತನಗೆ ಸಿಗುವುದೇನೂ ಇಲ್ಲ ಎಂದೋ, ನನಗೆ ಗೊತ್ತಿಲ್ಲ. ಚಿಗವ್ವ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು ಬಿಟ್ಟು ಕಿವಿ ಸೋರುವುದನ್ನು ಹೇಗೋ ನಿಲ್ಲಿಸಿದಳು. ನಿಲ್ಲಿಸಿದೆ ಅಂದುಕೊಂಡಳು. ಮಗ್ಗದ ಮನೆಯಲ್ಲಿ ಕಿವುಡು ಯಾರಿಗೆ ಗೊತ್ತಾಗುತ್ತದೆ? ಎಲ್ಲರೂ ಚೀರಿಯೇ ಮಾತಾಡುವುದು, ಎಲ್ಲರೂ ಒಬ್ಬರ ತುಟಿ ಒಬ್ಬರು ನೋಡಿ ಅರ್ಥ ಮಾಡಿಕೊಳ್ಳುವುದು. ಕರೆದಾಗ ಶೈಲಾ ತಿರುಗದಿದ್ದರೆ ಸಪ್ಪಳಕ್ಕೆ ಕೇಳಿಸಿಲ್ಲ ಎಂದುಕೊಳ್ಳುತ್ತಿದ್ದರು. ಸಾಲೆಯಲ್ಲಿ ಮಾಸ್ತರರು ಅವಳಿಗೆ ಲಕ್ಷ್ಯವಿಲ್ಲ ಎಂದು ಬೈದರು, ಅವಳು ಹತ್ತನೆಯದರಲ್ಲಿ ಸಾಲೆ ಬಿಟ್ಟು ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಕುಳಿತಳು.

ಅವಳಿಗೆ ಹದಿನೆಂಟು ತುಂಬಿದಾಗ ನಾನೇ ಬ್ಯಾಂಕಿಗೆ ಕರೆದೊಯ್ದೆ. ಒಂದು ಪೈ ಕಡಿಮೆಯಾಗದೆ ಅವಳ ಹಣ ಅವಳ ಕೈಗೆ ಬಂತು. ನನ್ನ ಬದುಕಿನ ದೊಡ್ಡ ಕೆಲಸ ಮುಗಿಸಿದೆ ಎಂದು ಅವಳ ಭುಜ ಹಿಡಿದು ಸಂತೋಷದಿಂದ ಏನೋ ಅಂದೆ. ಅವಳು, "ಆಂ?" ಎಂದು ಇಡೀ ಮೈ ತಿರುಗಿಸಿ ಬಲಗಿವಿಯನ್ನು ನನ್ನ ಬಾಯಿಗೆ ಹಿಡಿದಳು. ಬ್ಯಾಂಕಿನಲ್ಲಿ ಮಗ್ಗವಿರಲಿಲ್ಲ, ಸದ್ದೂ ಇರಲಿಲ್ಲ.

ಮೀರಜಿಗೆ ಹೋದೆವು. ಕಾಕಾನೂ ಬಂದ, ಬೇಡವೆಂದರೂ ಬಂದ. ಡಾಕ್ಟರು ಹಳೆಯ ಕಾಗದ ಕೇಳಿದರು. ಕಾಕಾ ಜೇಬಿನಿಂದ ನಾಲ್ಕು ವರ್ಷದ ಹಿಂದಿನ ಅದೇ ಕಾಗದ ತೆಗೆದುಕೊಟ್ಟ. ಕೋರ್ಟಿನ ಮುದ್ರೆಯೂ ಅದರ ಮೇಲಿತ್ತು. ಡಾಕ್ಟರು ಓದಿ, ಆವಾಗಲೇ ಮಾಡಿಸಬೇಕಿತ್ತು, ಒಳಗಿನ ಸಣ್ಣ ಎಲುಬುಗಳನ್ನು ಕೀವು ತಿಂದುಹಾಕಿದೆ, ಸೋರುವುದನ್ನು ನಿಲ್ಲಿಸಬಹುದು, ಕೇಳಿಸುವಂತೆ ಮಾಡಲು ಈಗ ಆಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಕೇಳಿದರು. ನಾನು ಕಾಕಾನ ಮುಖ ನೋಡಿದೆ. ಈಗ ಹೇಳುತ್ತಾನೆ, ಇವಳೇ ತಡೆದಳು ಎನ್ನುತ್ತಾನೆ ಎಂದು ಕಾದೆ.

"ಮಗ್ಗದ ಸಪ್ಪಳದಾಗ ನಮಗ ತಿಳೀಲಿಲ್ರಿ" ಅಂದ.

ಆಮೇಲೂ ಎಂದೂ ಅವನು ಆ ಮಾತು ಎತ್ತಲಿಲ್ಲ. ಸಿಟ್ಟಿನಲ್ಲೂ ಎತ್ತಲಿಲ್ಲ. ಇದು ದೊಡ್ಡತನ ಎಂದು ನೀವು ಹೇಳಬಹುದು. ನನಗೆ ಹಾಗೆ ಸಲೀಸಾಗಿ ಒಪ್ಪಲು ಆಗುವುದಿಲ್ಲ. ನನ್ನ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉಪಾಯ ಅವನಿಗೆ ಬೇರೆ ಇರಲಿಲ್ಲ, ಅಂದಿನಿಂದ ನಾನು ಅವನನ್ನು ನನ್ನ ಹಣ ಕೇಳಲೇ ಇಲ್ಲ. ಕಿವಿಗೆ ಅಷ್ಟು ದೊಡ್ಡ ಪಟ್ಟಿ ಯಾಕೆ ಕಟ್ಟಿದ? ನಿಜವಾದ ನೋವನ್ನು ಹೇಳಲು ಹುಡುಗಿಗೆ ಬಾಯಿಪಾಠ ಯಾಕೆ ಮಾಡಿಸಿದ? ಮೂರು ಪಾಲು ಹೆಚ್ಚಿಗೆ ಯಾಕೆ ಕೇಳಿದ? ಮಗ್ಗವೊಂದನ್ನು ಮಾರಿ ಆಪರೇಶನ್ ಮಾಡಿಸಬಹುದಿತ್ತಲ್ಲ, ಯಾಕೆ ಮಾರಲಿಲ್ಲ? ಇವೆಲ್ಲ ನಾನು ಕಾಟಾದ ಕೋಣೆಯಲ್ಲಿ ಗಾಡಿ ಇಲ್ಲದ ಹೊತ್ತಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳು. ಕೇಳಿಕೊಳ್ಳುವಾಗ ಸಮಾಧಾನವಾಗುತ್ತದೆ. ಆ ಬಸ್ಸಿನಲ್ಲಿ ನಾನು ಕೈ ಚಾಚಿ ಹತ್ತಿಯನ್ನು ಯಾಕೆ ಸರಿಸಲಿಲ್ಲ ಎಂಬ ಪ್ರಶ್ನೆ ಬಂದ ಕೂಡಲೇ ಎದ್ದು ಹೊರಗೆ ಹೋಗುತ್ತೇನೆ.

ಒಮ್ಮೆ ಅವನು ಕಾರ್ಖಾನೆಗೆ ಬಂದಿದ್ದ. ಚಿಗವ್ವ ಕೊಟ್ಟ ಸಂಡಿಗೆಯ ಡಬ್ಬಿ ಕಿಟಕಿಯಲ್ಲಿಟ್ಟು, ನೇರ ಹೋಗಿ ಖಾಲಿ ಕಾಟಾದ ಮೇಲೆ ನಿಂತ.

"ಎಷ್ಟ ಅದೇನಿ ನೋಡ" ಅಂದ.

"ಅದು ಟನ್ನಿನ ಕಾಟಾ. ಮನಷ್ಯಾರ ತೂಕ ಅದರಾಗ ಸರಿ ಬರೂದಿಲ್ಲ ಕಾಕಾ."

"ಬಂದಷ್ಟ ಬರಲಿ, ನೋಡಲೇ."

ಐವತ್ತು ಕಿಲೋ ಎಂದು ತೋರಿಸಿತು. ಹೇಳಿದೆ. "ಹೆಚ್ಚ ಹೇಳಾಕತ್ತೀ, ನಿಂದೂ ಮೋಸದ ಕಾಟಾನ ಬಿಡು" ಎಂದು ನಗುತ್ತಾ ಇಳಿದ. ಡ್ರೈವರುಗಳೂ ನಕ್ಕರು. ಇವನು ಸುಮ್ಮನೆ ಬರುವವನಲ್ಲ, ಹದಿನೈದು ದಿನದಲ್ಲಿ ಏನಾದರೂ ಕೇಳುತ್ತಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹದಿನೈದು ದಿನವಾಗಲಿಲ್ಲ, ನೇಕಾರರ ಸೊಸೈಟಿಯ ಸಾಲಕ್ಕೆ ಜಾಮೀನು ಸಹಿ ಹಾಕು ಎಂದು ಫೋನು ಬಂತು. ಹಾಕಲಿಲ್ಲ. ಅವನು ಬೇಜಾರೂ ಮಾಡಿಕೊಳ್ಳಲಿಲ್ಲ. ಶೈಲಾಳ ಗಂಡ ಹಾಕಿದನೆಂದು ಆಮೇಲೆ ತಿಳಿಯಿತು. ಶೈಲಾ ಬನಹಟ್ಟಿಗೆ ಮದುವೆಯಾಗಿ ಹೋಗಿದ್ದಳು, ದಿನಕ್ಕೊಮ್ಮೆ ಬಂದು ಕಾಕಾ ಚಿಗವ್ವನನ್ನು ನೋಡಿಕೊಳ್ಳುತ್ತಿದ್ದಳು. ಆ ಸಾಲ ಯಾವ ಗತಿಗೆ ಬಂತು ಎಂದು ನಾನು ಕೇಳಿಲ್ಲ.

ರಬಕವಿ ತಲುಪಿದಾಗ ಓಣಿಯ ತುಂಬ ಜನ. ಸುದ್ದಿಗೆ ಅಕ್ಕಪಕ್ಕದ ಮನೆಗಳಲ್ಲೂ ಮಗ್ಗ ನಿಲ್ಲಿಸಿದ್ದರು. ನಾನು ಒಳಗೆ ಹೋಗಿ, ಹೇಳಲು ನಾಚಿಕೆಯಾಗುತ್ತದೆ, ಮೊದಲು ಅವನ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ಆಮೇಲೆ ಅತ್ತೆ. ಬಹಳ ಅತ್ತೆ. ನನ್ನ ಹಣ ತಿಂದವನು, ನನಗೆ ಉಣಿಸಿದವನು, ಇಬ್ಬರೂ ಒಟ್ಟಿಗೇ ಹೋಗಿಬಿಟ್ಟರು, ಒಬ್ಬನ ಮುಂದೆಯೂ ನಾನು ಆಡಬೇಕಾದ ಮಾತು ಆಡಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಜನ ಕರಗಿದರು. ಅಳುವುದು ಮುಗಿದು ಚಿಗವ್ವ ಒಳಗೆ ಅಡ್ಡಾಗಿದ್ದಳು. ಪಡಸಾಲೆಯಲ್ಲಿ ಮಗ್ಗದ ಪಕ್ಕ ಶೈಲಾ ಗೋಡೆಗೆ ಬೆನ್ನು ಆನಿಸಿ ಕುಳಿತಿದ್ದಳು. ಹೋಗಿ ಅವಳ ಎಡಕ್ಕೆ ಕುಳಿತೆ. ಜಾಗ ಅಲ್ಲೇ ಇತ್ತೆಂದು ಕುಳಿತೆನೋ, ಬೇಕೆಂದೇ ಕುಳಿತೆನೋ, ಈ ಒಂದು ವಿಷಯದಲ್ಲಿ ನನಗೆ ನನ್ನ ಮೇಲೆಯೇ ಸಂಶಯ.

"ಕಡೀಕ ನನ್ನ ಬಗ್ಗೆ ಏನರ ಅಂದ್ನೇನ?" ಎಂದು ಗಟ್ಟಿಯಾಗಿ ಕೇಳಿದೆ.

"ಗಂಗವ್ವ ಬಂದ್ರ ಊಟಕ್ಕ ಹಾಕ್ರಿ ಅಂದ. ಅಷ್ಟ."

ಅವಳು ಎದುರಿನ ಬಾಗಿಲ ಕಡೆ ನೋಡುತ್ತಿದ್ದಳು. ನಾನು ದನಿ ತಗ್ಗಿಸಿ, ಅವಳ ಎಡಗಿವಿಯ ಬದಿಯಲ್ಲೇ, "ಶೈಲಾ, ಅವತ್ತ ಕೋರ್ಟಿಗೆ ಬರೂಕಿಂತ ಮೊದಲ ನಾ ನಿನ್ನ ಕಿವಿ ನೋಡಬೇಕಿತ್ತ. ಕಾಕಾಂದು ಎಷ್ಟರ ಇರಲಿ, ನಿನ್ನ ಕಿವಿ ಹೋಗಿದ್ದು ನನ್ನಿಂದ. ತಪ್ಪ ನಂದು" ಅಂದೆ. ಇಷ್ಟು ವರ್ಷದ ಮಾತು ಅದು.

ಅವಳು ನನ್ನ ಕಡೆ ಹೊರಳಿದಳು. "ಏನರ ಅಂದೇನ?"

"ಏನಿಲ್ಲ."

"ನಿನ್ನ ಬಾಯಿ ಅಳ್ಳಾಡಿದ್ದು ಕಂಡೈತಿ ನನಗ" ಅಂದಳು ಶೈಲಾ. ತನ್ನ ಬಲಗಡೆ ನೆಲದ ಮೇಲಿದ್ದ ನೂಲಿನ ಬುಟ್ಟಿಯನ್ನು ಸರಿಸಿದಳು. "ಆ ಕಿವ್ಯಾಗ ಹೇಳಿದ್ರ ಹೆಂಗ ಕೇಳತೈತಿ? ಈ ಕಡೆ ಬಂದ ಕುಂದ್ರು. ಮತ್ತ ಹೇಳು."

ನಾನು ಎದ್ದು ಆ ಕಡೆ ಹೋಗಿ ಕುಳಿತೆ. ಹೇಳಿದೆ.